ತಾತ್ಕಾಲಿಕಕ್ಕೆಂದು ಹಾಕಿದ ರಾಗ

ಫೆಬ್ರವರಿ ೧೧
ಕಚೇರಿಯಿಂದ, ಮಧ್ಯಾಹ್ನ

ಪ್ರೀತಿಯ ಮಗಳೇ,

ಮೊದಲು ಕ್ಷಮೆ ಕೇಳುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಹೊಸ ಮನೆಯ ವಿಳಾಸ ಕಳಿಸಿದಾಗ ನೀನು "ಅತ್ತೆ, ಪುರುಸೊತ್ತಾದಾಗ ಬರೀರಿ" ಎಂದಿದ್ದೆ. ಬರೆಯುತ್ತೇನೆ, ಬರೆಯುತ್ತೇನೆ ಎಂದುಕೊಂಡೇ ತಿಂಗಳುಗಳು ಉರುಳಿದವು. ಪುರುಸೊತ್ತು ಇರಲಿಲ್ಲ ಅಂತಲ್ಲ. ಪೆನ್ನು ಹಿಡಿದರೆ ಏನು ಬರೆಯಬೇಕೆಂದು ತೋಚುತ್ತಿರಲಿಲ್ಲ. ಈಗ ಬರೆಯಲೇಬೇಕಾದ ಕೆಲಸವೊಂದು ಬಂದಿದೆ. ಕೆಲಸವಿದ್ದಾಗ ಮಾತ್ರ ಸೊಸೆ ನೆನಪಾದಳಾ ಎಂದು ನೀನು ಬೈದರೆ ಬೈಸಿಕೊಳ್ಳುತ್ತೇನೆ.

ನಾವಿಬ್ಬರೂ ಇದ್ದೇವೆ. ನಿನ್ನ ಮಾವನಿಗೆ ಮಂಡಿನೋವು, ಬಾಯಿಗೆ ಮಾತ್ರ ಏನೂ ಆಗಿಲ್ಲ. ಶಾಲೆಯಿಂದ ನಿವೃತ್ತರಾಗಿ ಇಷ್ಟು ವರ್ಷವಾದರೂ ಡ್ರಿಲ್ ಮೇಷ್ಟ್ರಗಿರಿ ಬಿಟ್ಟಿಲ್ಲ. ಪೇಪರ್ ಹಾಕುವವನು ಕೂಡ ನಮ್ಮ ಬಾಗಿಲಿಗೆ ಬಂದಾಗ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ. ನನಗೆ ಬಿಪಿ ಸ್ವಲ್ಪ ಏರಿದೆ. ಡಾಕ್ಟರಮ್ಮ "ಚಿಂತೆ ಕಡಿಮೆ ಮಾಡಿ" ಎಂದರು. ಚಿಂತೆಯೇನು ಉಪ್ಪೇ, ಕಡಿಮೆ ಹಾಕಿಕೊಳ್ಳಲು?

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ದನಿ ನಡುಗಿದರೆ ನಿನಗೆ ಕೇಳಿಸಿಬಿಡುತ್ತದೆ. ಕಂಪ್ಯೂಟರಿನಲ್ಲಿ ಬರೆಯೋಣವೆಂದರೆ ಕೈಗೆ ತಾನಾಗಿಯೇ ಕಚೇರಿಯ ಭಾಷೆ ಬಂದುಬಿಡುತ್ತದೆ, "ಮಾನ್ಯರೇ, ಈ ಮೂಲಕ ಕೋರುವುದೇನೆಂದರೆ" ಎಂದು. ಅದಕ್ಕೇ ಕಾಗದ, ಪೆನ್ನು.

ವಿಷಯಕ್ಕೆ ಬರುತ್ತೇನೆ. ನನ್ನ ಕೆಲಸವೇನೆಂದು ನಿನಗೆ ಗೊತ್ತು. ಆದರೂ ಈ ಸಲ ನಿನ್ನ ಸಹಿ ಬೇಕಾಗಿರುವುದರಿಂದ ಹೊಸಬರಿಗೆ ಹೇಳುವಂತೆಯೇ ನಿನಗೂ ಹೇಳಬೇಕು, ಇಲ್ಲದಿದ್ದರೆ ನನ್ನ ಕೆಲಸಕ್ಕೆ ಅನ್ಯಾಯ ಮಾಡಿದಂತೆ. ಸಿನಿಮಾದವರು, ಜಾಹೀರಾತಿನವರು, ವಿಡಿಯೋ ಮಾಡುವವರು ಯಾರದಾದರೂ ಹಾಡನ್ನೋ ರಾಗವನ್ನೋ ಬಳಸಬೇಕೆಂದರೆ ಅದರ ಒಡೆಯರನ್ನು ಹುಡುಕಿ ಒಪ್ಪಿಗೆ ತಂದುಕೊಡುವುದು ನಮ್ಮ ಕಚೇರಿಯ ಕೆಲಸ. ಒಂದು ರಾಗಕ್ಕೆ ಒಡೆಯರು ಇಬ್ಬರು. ಅದನ್ನು ಕಟ್ಟಿದವರು ಒಬ್ಬರು, ಅದನ್ನು ರೆಕಾರ್ಡ್ ಮಾಡಿಸಿ ಇಟ್ಟುಕೊಂಡವರು ಇನ್ನೊಬ್ಬರು. ಇಬ್ಬರೂ ಹೂಂ ಅನ್ನಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ನಮ್ಮ ಕಚೇರಿಗೇ ಮಾಡಿಸಿದ್ದು ಎಂದು ಅಲ್ಲಿನ ಯಜಮಾನರು ಆಗಾಗ ನಗುತ್ತಾರೆ.

ಈಗ ಒಂದು ಸಿನಿಮಾ ಬಂದಿದೆ. ದೊಡ್ಡದಲ್ಲ. ನಿರ್ದೇಶಕ ಇನ್ನೂ ಹುಡುಗ, ಗಡ್ಡಕ್ಕಿರುವ ವಯಸ್ಸು ಅವನಿಗಿಲ್ಲ. ಒಬ್ಬ ದರ್ಜಿ ಮುಪ್ಪಿನಲ್ಲಿ ತನ್ನ ಅಂಗಡಿಯನ್ನು ಖಾಲಿ ಮಾಡುವ ಕಥೆ. ಕೊನೆಗೆ ಅವನು ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ, ದೀಪ ಆರಿಸಿ, ಶಟರ್ ಎಳೆದು, ರಸ್ತೆ ದಾಟಿ ಬಸ್‌ಸ್ಟಾಪಿನಲ್ಲಿ ನಿಲ್ಲುತ್ತಾನೆ. ಒಂದು ಮಾತೂ ಇಲ್ಲ. ಆ ದೃಶ್ಯಕ್ಕೆ ಸಂಗೀತ ಬೇಕು.

ನಿನಗೆ ಗೊತ್ತಿರಲಾರದ ಒಂದು ಪದ್ಧತಿ ಹೇಳುತ್ತೇನೆ. ಸಿನಿಮಾ ಎಡಿಟ್ ಮಾಡುವಾಗ ದೃಶ್ಯ ಮೂಕವಾಗಿದ್ದರೆ ಎಲ್ಲಿ ಕತ್ತರಿಸಬೇಕೆಂದು ತಿಳಿಯುವುದಿಲ್ಲವಂತೆ. ಅದಕ್ಕೆ ಯಾವುದೋ ಒಂದು ಸಂಗೀತವನ್ನು ತಾತ್ಕಾಲಿಕಕ್ಕೆಂದು ಹಾಕಿಕೊಳ್ಳುತ್ತಾರೆ. ಆಮೇಲೆ ತೆಗೆದುಹಾಕುವುದೇ ತಾನೇ ಎಂದು ಯಾರನ್ನೂ ಕೇಳುವುದಿಲ್ಲ. ಆದರೆ ದಿನಾ ಅದನ್ನೇ ಕೇಳಿ ಕೇಳಿ ಕಿವಿ ಒಗ್ಗಿಹೋಗುತ್ತದೆ. ಬಳಿಕ ಗಂಧರ್ವರೇ ಇಳಿದು ಬಂದು ಬೇರೆ ನುಡಿಸಿದರೂ ನಿರ್ದೇಶಕರಿಗೆ ಹಿಡಿಸುವುದಿಲ್ಲ. ಎರಡು ದಿನ ಇದ್ದು ಹೋಗುತ್ತೇನೆಂದು ಬಂದ ನೆಂಟ ಮನೆಯ ಯಜಮಾನನೇ ಆಗಿಬಿಡುತ್ತಾನೆ. ಇಂಥ ಎಷ್ಟು ನೆಂಟರ ಹಿಂದೆ ನಾನು ಓಡಿದ್ದೇನೋ ಲೆಕ್ಕವಿಲ್ಲ.

ಈ ಸಿನಿಮಾದ ಎಡಿಟರ್ ಒಬ್ಬಳು ಹುಡುಗಿ, ಒಳ್ಳೆಯವಳು. ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಹೀಗೆ ಪ್ರಯೋಗಕ್ಕೆಂದು ಇಟ್ಟಿರುವ ಒಂದಷ್ಟು ರಾಗಗಳಿವೆ, ಅದರಿಂದ ಒಂದನ್ನು ಎತ್ತಿಕೊಂಡಿದ್ದಳು. ಹೋದ ವಾರ ಸಿನಿಮಾ ನೋಡಲು ನನ್ನನ್ನು ಕರೆದರು. ಯಾವ ಸಂಗೀತ ಎಲ್ಲಿ ಎಷ್ಟು ಹೊತ್ತು ಬರುತ್ತದೆಂದು ಬರೆದುಕೊಳ್ಳುವುದು ನನ್ನ ಕೆಲಸ. ಕತ್ತಲೆ ಕೋಣೆ, ಎಸಿ ಜೋರು, ಮೊಣಕಾಲ ಮೇಲೆ ಪ್ಯಾಡ್ ಇಟ್ಟುಕೊಂಡು ಕೂತಿದ್ದೆ. ದರ್ಜಿ ಶಟರ್ ಎಳೆದ. ಮೊದಲ ಸ್ವರಕ್ಕೂ ಮುಂಚೆ ಒಂದು ಉಸಿರು ಕೇಳಿಸಿತು, ಮೂಗಿನಿಂದ ಸರ್ರೆಂದು ಎಳೆದುಕೊಂಡ ಉಸಿರು. ಆ ಉಸಿರಿನಲ್ಲೇ ನನಗೆ ಗೊತ್ತಾಯಿತು ಮಗಳೇ. ಆಮೇಲೆ ಮೌತ್ ಆರ್ಗನ್ ಶುರುವಾಯಿತು.

ನಿನಗೂ ಗೊತ್ತಾಗಿರಬೇಕು ಯಾವುದೆಂದು. ಬಚ್ಚಲುಮನೆಯಲ್ಲಿ ದನಿ ಚೆನ್ನಾಗಿ ಮೊಳಗುತ್ತದೆಂದು ಅವನು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಊದುತ್ತಿದ್ದನಲ್ಲ, ಅದು. ಹೊರಗೆ ನಿನ್ನ ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು "ಲೋ, ಕಚೇರಿ ಮುಗೀತೇನೋ? ನನಗೂ ಅರ್ಜೆಂಟಿದೆ" ಎಂದು ಬಾಗಿಲು ಬಡಿಯುತ್ತಿದ್ದರಲ್ಲ, ಅದೇ. ಗೆಳೆಯನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದ ಮೇಲೆ ನನಗೂ ಒಂದು ಪ್ರತಿ ಕೊಟ್ಟು, "ಇಟ್ಕೊಂಡಿರಮ್ಮ, ನಿಮ್ಮ ಆಫೀಸಲ್ಲಿ ಯಾರಿಗಾದ್ರೂ ಕಿವಿ ತುರಿಸಿದ್ರೆ ಕೇಳಿಸು" ಎಂದಿದ್ದ. ಅಲ್ಲಿಟ್ಟು ಮರೆತಿದ್ದೆ. ಅವನು ಹೋದ ಮೇಲೆ ಅದರ ಹತ್ತಿರ ಹೋಗುವ ಧೈರ್ಯ ಆಗಿರಲಿಲ್ಲ.

ದೀಪ ಹಾಕಿದರು. ನಿರ್ದೇಶಕ ನನ್ನ ಕಡೆ ತಿರುಗಿ, "ಮೇಡಂ, ಆ ಮೌತ್ ಆರ್ಗನ್ ಯಾರದು? ನಿಮ್ಮ ಆಫೀಸಿಂದಾನೇ ಬಂದಿದ್ದಂತೆ" ಎಂದ.

"ನನ್ನ ಮಗಂದು" ಎಂದೆ.

"ಅಯ್ಯೋ, ಹಾಗಾದ್ರೆ ಕೆಲಸ ಸಲೀಸಾಯ್ತಲ್ಲ! ಪರ್ಮಿಷನ್ ಮನೇಲೇ ಇದೆ!"

ನಮ್ಮ ಮನೆಯ ಸಂಗತಿ ತಿಳಿದಿದ್ದ ಎಡಿಟರ್ ಹುಡುಗಿ ಅವನ ತೋಳು ಹಿಡಿದು ಕಿವಿಯಲ್ಲಿ ಏನೋ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು. ಪಾಪ, ಅವನಿಗೇನು ಗೊತ್ತಿತ್ತು. ಹತ್ತು ಸಲ ಸಾರಿ ಕೇಳಿದ. ನೀರು ತಂದುಕೊಟ್ಟ. ನಾನು ಅರ್ಧ ಲೋಟ ಕುಡಿಯುವುದರೊಳಗೆ ಮತ್ತೆ ಮೆಲ್ಲಗೆ, "ಆದ್ರೆ ಮೇಡಂ, ದಯವಿಟ್ಟು ತೆಗೀರಿ ಅನ್ಬೇಡಿ. ಅದಿಲ್ದೆ ಆ ಮುದುಕ ಸುಮ್ನೆ ರಸ್ತೆ ದಾಟಿದ ಹಾಗಿರುತ್ತೆ" ಎಂದ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು.

ಈಗ ನಿನ್ನ ಪಾತ್ರ. ರೆಕಾರ್ಡಿಂಗ್ ನಮ್ಮ ಹುಡುಗನ ಗೆಳೆಯನದು, ಅದೇ ಗುಂಗುರು ಕೂದಲಿನವನದು. ಅವನನ್ನು ಕೇಳಿದೆ. ಅಲ್ಲೇ ನಿಂತು ಸಹಿ ಹಾಕಿ, ಆ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ. ರಾಗ ಮಾತ್ರ ನಿನ್ನದು. ತನ್ನ ರಾಗಗಳನ್ನು ನೋಂದಣಿ ಮಾಡಿಸುವಾಗ, ತನ್ನ ನಂತರ ಎಲ್ಲವೂ ನಿನಗೆ ಎಂದು ನಮ್ಮ ಹುಡುಗ ಬರೆದುಕೊಟ್ಟಿದ್ದಾನೆ. ಮದುವೆಯಾದ ವಾರವೇ ನಾನು ಹಿಂದೆ ಬಿದ್ದು ಬರೆಸಿದ್ದೆ. ಆದ್ದರಿಂದ ಹೂಂ ಅನ್ನುವವಳೂ ನೀನೇ, ಊಹೂಂ ಅನ್ನುವವಳೂ ನೀನೇ. ಕಚೇರಿಯ ಯಜಮಾನರು "ಈ ಕೆಲಸ ಬೇರೆಯವರಿಗೆ ಕೊಡಲಾ?" ಎಂದು ಕೇಳಿದರು. ಬೇಡ ಎಂದೆ. ಯಾರೋ ಗುರುತಿಲ್ಲದವರು ನಿನಗೆ ಫೋನ್ ಮಾಡಿ ಅವನ ಹೆಸರಿನ ಹಿಂದೆ "ದಿವಂಗತ" ಸೇರಿಸಿ ಮಾತಾಡುವುದು ನನಗೆ ಬೇಡವಾಗಿತ್ತು.

ಆ ದೃಶ್ಯವನ್ನು ನಿನಗೆ ಮೇಲ್ ಮಾಡಿಸಿದ್ದೇನೆ. ಕೇಳಲು ಆಗದಿದ್ದರೆ ಶಬ್ದ ನಿಲ್ಲಿಸಿ ನೋಡು. ನಿನಗೆ ನೋವಾಗಿ "ಇದೇನತ್ತೆ, ಇದನ್ನೂ ಮಾರಾಟಕ್ಕಿಟ್ಟಿರಾ" ಎಂದು ಕೇಳಿಬಿಟ್ಟರೆ ಏನು ಉತ್ತರ ಕೊಡಲಿ ಎಂದು ವಾರದಿಂದ ನಿದ್ದೆ ಸರಿಯಾಗಿಲ್ಲ. ಬೇಡ ಅನಿಸಿದರೆ ಬೇಡ ಎನ್ನು. ನನ್ನ ಮುಖ ನೋಡಿ ಒಪ್ಪಬೇಡ. ಈ ತಿಂಗಳ ಕೊನೆಯೊಳಗೆ ಒಂದು ಮಾತು ಬಂದರೆ ಸಾಕು.

ಕ್ಲಿನಿಕ್ಕಿನಲ್ಲಿ ದಿನವೆಲ್ಲ ಬೇರೆಯವರ ಕೈಕಾಲು ನೀವುತ್ತೀಯ, ನಿನ್ನ ಸೊಂಟ ನೋಡಿಕೊಳ್ಳುವವರು ಯಾರು? ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ ಅತ್ತೆ

*

ಫೆಬ್ರವರಿ ೨೬
ಮನೆಯಿಂದ

ಪ್ರೀತಿಯ ಮಗಳೇ,

ಹಿಂದಿನ ಕಾಗದ ಸಿಕ್ಕಿತೋ ಇಲ್ಲವೋ ತಿಳಿಯದು. ಸಿಕ್ಕಿಲ್ಲ ಎಂದುಕೊಂಡರೆ ಒಂದು ಚಿಂತೆ, ಸಿಕ್ಕಿದೆ ಎಂದುಕೊಂಡರೆ ಹತ್ತು ಚಿಂತೆ. ನಿನ್ನನ್ನು ಅವಸರಪಡಿಸುತ್ತಿದ್ದೇನೆ ಎಂದು ತಿಳಿಯಬೇಡ. ಅವಸರಪಡಿಸುತ್ತಿದ್ದೇನೆ, ನಿಜ. ಆದರೆ ಹಾಗೆ ತಿಳಿಯಬೇಡ.

ಇಲ್ಲಿ ಕಥೆ ಮುಂದುವರಿದಿದೆ. ನೀನು ಬೇಡ ಎಂದರೆ ಕೈ ಖಾಲಿ ಇರಬಾರದೆಂದು ನಾನೇ ನಿರ್ದೇಶಕನಿಗೆ, "ನಿಮ್ಮ ಸಂಗೀತ ನಿರ್ದೇಶಕರಿಂದ ಒಂದು ಬೇರೆ ಟ್ಯೂನ್ ಮಾಡಿಸಿಟ್ಕೊಳ್ಳಿ" ಎಂದೆ. ಅವರು ದೊಡ್ಡ ಮನುಷ್ಯರು, ನುರಿತವರು. ಒಂದಾದ ಮೇಲೊಂದು ಮೂರು ಮಾಡಿಕೊಟ್ಟರು. ಪಿಯಾನೋದಲ್ಲಿ ಒಂದು, ಕೊಳಲಿನಲ್ಲಿ ಒಂದು. ಕೊನೆಗೆ ಸೋತು ಮೌತ್ ಆರ್ಗನ್ನಿನಲ್ಲೇ ಒಂದು. ಮೂರೂ ಚೆನ್ನಾಗಿದ್ದವು ಮಗಳೇ. ಸುಳ್ಳು ಯಾಕೆ ಹೇಳಲಿ, ಮೂರನೆಯದು ನುಡಿಸಾಣಿಕೆಯಲ್ಲಿ ನಮ್ಮ ಹುಡುಗನದಕ್ಕಿಂತ ಒಂದು ಕೈ ಮೇಲೇ ಇತ್ತು. ನಿರ್ದೇಶಕ ಕೇಳಿ, ಗಡ್ಡ ಕೆರೆದುಕೊಂಡು, "ಚೆನ್ನಾಗಿದೆ ಸಾರ್. ಆದ್ರೆ ಅದರ ಹಾಗಿಲ್ಲ" ಎಂದ.

ಆ ಮನುಷ್ಯನಿಗೆ ರೇಗಿತು. "ನೋಡಪ್ಪ, ಬದುಕಿರೋರ ಜೊತೆ ಎಷ್ಟು ಬೇಕಾದ್ರೂ ಪೈಪೋಟಿ ಮಾಡ್ತೀನಿ. ಸತ್ತೋರ ಜೊತೆ ನನ್ನ ಕೈಲಾಗಲ್ಲ" ಎಂದು ಬ್ಯಾಗ್ ಎತ್ತಿಕೊಂಡು ಎದ್ದರು. ಬಾಗಿಲ ಹತ್ತಿರ ಕೂತಿದ್ದ ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ. "ಬರ್ತೀನಮ್ಮ" ಎಂದು ನನಗೇ ಹೇಳಿ ಹೋದರು. ನಾನೂ "ಹೋಗ್ಬನ್ನಿ" ಎಂದೆ.

ಮೊನ್ನೆ ಮಿಕ್ಸಿಂಗ್ ಸ್ಟುಡಿಯೋಗೆ ಹೋಗಿದ್ದೆ. ಮಾತು, ಸದ್ದು, ಸಂಗೀತ ಎಲ್ಲವನ್ನೂ ಹದವಾಗಿ ಬೆರೆಸುವ ಕೋಣೆ. ಅಲ್ಲಿನ ಎಂಜಿನಿಯರ್ ಭಾರೀ ಆಳು, ಎಲ್ಲರೂ ಅವನನ್ನು ಪುಟಾಣಿ ಅನ್ನುತ್ತಾರೆ. ಸೊಳ್ಳೆ ರೆಕ್ಕೆ ಬಡಿದರೂ ಅವನಿಗೆ ಕೇಳಿಸುತ್ತದೆ. ನಮ್ಮ ರಾಗ ಹಾಕಿದ. ಪರದೆಯ ಮೇಲೆ ಒಂದು ಸಣ್ಣ ಉಬ್ಬು ತೋರಿಸಿ, "ಅಕ್ಕಾ, ಇಲ್ಲಿ ಉಸಿರು ಸಿಕ್ಕಾಕೊಂಡಿದೆ. ಕ್ಲೀನ್ ಮಾಡ್ಬಿಡ್ಲಾ?" ಎಂದ.

"ಮುಟ್ಬೇಡ" ಎಂದೆ. ಸ್ವಲ್ಪ ಜೋರಾಗಿಯೇ ಬಂತು ಅಂತ ಕಾಣುತ್ತದೆ, ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಮೇಲೆ ಸಾವರಿಸಿಕೊಂಡು ಕಚೇರಿಯ ಭಾಷೆಯಲ್ಲಿ ಹೇಳಿದೆ: "ಬದಲಾವಣೆಗೆ ಒಡೆಯರ ಒಪ್ಪಿಗೆ ಇನ್ನೂ ಬಂದಿಲ್ಲ. ಬರೋವರೆಗೆ ಇದ್ದ ಹಾಗೇ ಇರ್ಲಿ." ಪುಟಾಣಿ ಕೈ ಎತ್ತಿ, "ಆಯ್ತಕ್ಕಾ, ಮುಟ್ಟಲ್ಲ" ಎಂದ. ಹಾಗಾಗಿ, ನೀನು ಒಪ್ಪುವುದಾದರೆ, ಒಪ್ಪಿಗೆ ಪತ್ರದಲ್ಲಿ ಬದಲಾವಣೆಯ ಬಗ್ಗೆ ಒಂದು ಸಾಲು ಇರುತ್ತದೆ, ಅದನ್ನು ಸರಿಯಾಗಿ ಓದು. ಇದು ನಾನು ಎಲ್ಲರಿಗೂ ಹೇಳುವ ಮಾತೇ.

ಇನ್ನು ನಿನ್ನ ಮಾವ. ಹೇಳಬಾರದಿತ್ತು, ಹೇಳಿಬಿಟ್ಟೆ. ಈಗ ಕ್ಷೌರದಂಗಡಿಯವನಿಗೆ, ಔಷಧಿ ಅಂಗಡಿಯವನಿಗೆ, ಎದುರುಮನೆಯ ಲಾಯರಿಗೆ, ಎಲ್ಲರಿಗೂ ಗೊತ್ತು. "ನಮ್ಮ ಹುಡುಗಂದು ಸಿನಿಮಾದಲ್ಲಿ ಬರುತ್ತೆ, ಪರದೆ ಮೇಲೆ ಹೆಸರೂ ಹಾಕ್ತಾರೆ!" ನಾನು "ಇನ್ನೂ ಅವಳು ಒಪ್ಪಿಲ್ಲ, ಸುಮ್ನಿರಿ" ಎಂದರೆ, "ಯಾಕೆ ಒಪ್ಪಲ್ಲ? ನಾಲ್ಕು ಜನ ಕೇಳ್ಲಿ ಅಂತಾನೇ ಅಲ್ವೇನೆ ಅವನು ಊದಿದ್ದು?" ಎನ್ನುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಹುಡುಗ ಹೋದ ಎರಡು ವರ್ಷದ ಮೇಲೆ ಆ ಮನುಷ್ಯ ಊಟ ಮಾಡುವಾಗ ಮಾತಾಡುತ್ತಿದ್ದಾರೆ. ನೀನು ಬೇಡ ಎಂದರೆ ಅವರಿಗೆ ಹೇಗೆ ಹೇಳುವುದೋ ಎಂಬ ಭಯ ಬೇರೆ. ಇದನ್ನು ಬರೆದದ್ದು ತಪ್ಪಾಯಿತೇನೋ, ನಿನ್ನ ಮೇಲೆ ಹೊರೆ ಹಾಕಿದಂತೆ. ಹೊಡೆದುಹಾಕೋಣವೆಂದರೆ ಕಾಗದ ಗಲೀಜಾಗುತ್ತದೆ. ಓದಿ ಮರೆತುಬಿಡು.

ನನಗೆ ಮಾತ್ರ ಬೇರೆ ದಿಗಿಲು. ನಿನ್ನ ಹತ್ತಿರ ಹೇಳಿಕೊಳ್ಳದೆ ಇನ್ನಾರ ಹತ್ತಿರ ಹೇಳಲಿ? ಸಿನಿಮಾಕ್ಕೆ ಹೋದ ರಾಗ ಸಿನಿಮಾದಲ್ಲೇ ಇರುವುದಿಲ್ಲ. ಟ್ರೇಲರಿಗೆ ಹೋಗುತ್ತದೆ, ಅಲ್ಲಿಂದ ಜನರ ಫೋನಿಗೆ. ಒಂದು ದಿನ ಔಷಧಿ ಅಂಗಡಿಯಲ್ಲಿ ಬಿಪಿ ಮಾತ್ರೆಗೆ ನಿಂತಿರುತ್ತೇನೆ, ಪಕ್ಕದವರ ಜೇಬಿನಿಂದ ಸರ್ರೆಂದು ಆ ಉಸಿರು ಕೇಳಿಸುತ್ತದೆ. ಆಗ ನಾನೇನು ಮಾಡಲಿ? ಇಷ್ಟು ವರ್ಷ ಬೇರೆಯವರ ಮನೆಯ ರಾಗಗಳನ್ನು ಊರೂರಿಗೆ ಕಳಿಸಿದ್ದೇನೆ, ಅವರ ಮನೆಯವರು ಎಲ್ಲೆಲ್ಲಿ ನಿಂತು ಕೇಳಿಸಿಕೊಂಡರೋ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಇನ್ನೊಂದು ಮಾತು. ಹೇಗೆ ಬರೆಯಬೇಕೋ ಗೊತ್ತಿಲ್ಲ, ಹೇಗೋ ಬರೆಯುತ್ತೇನೆ. ಗುಂಗುರು ಕೂದಲಿನವನು ಮಾತಿನ ನಡುವೆ ಬಾಯಿ ಬಿಟ್ಟ. ನಿನ್ನ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಒಬ್ಬರ ಜೊತೆ ನಿನಗೆ ಹೊಂದಿಕೆಯಾಗಿದೆಯಂತೆ, ಒಳ್ಳೆಯವರಂತೆ. ಹೇಳಿದ ಮೇಲೆ ಪಾಪ ನಾಲಗೆ ಕಚ್ಚಿಕೊಂಡ. ನನಗೆ ಸಂತೋಷವಾಯಿತು. ನಂಬು. ಮೊದಲು ಒಂದು ಗಳಿಗೆ ಇಷ್ಟು ಬೇಗವೇ ಎಂದುಕೊಂಡೆ, ಆಮೇಲೆ ಸಂತೋಷವೇ ಆಯಿತು. ಆದರೆ ನನ್ನ ಕಾಗದ ಆ ಮನೆಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ನಿನಗೆ ಮುಜುಗರ ಮಾಡಿತೇ ಎಂದು ಆಗಿನಿಂದ ಕೊರಗುತ್ತಿದ್ದೇನೆ. ಅದಕ್ಕೇ ಉತ್ತರ ಬರಲಿಲ್ಲವೇ? ಹಾಗಿದ್ದರೆ ಕಚೇರಿಯ ವಿಳಾಸಕ್ಕೇ ಒಂದು ಸಾಲು ಬರೆದರೂ ಸಾಕು. ನನಗೇ ಬರೆಯಬೇಕೆಂದಿಲ್ಲ.

ಮಿಕ್ಸಿಂಗ್ ಮುಗಿಯುವ ದಿನವನ್ನು ಹೇಗೋ ಒಂದು ವಾರ ಮುಂದಕ್ಕೆ ತಳ್ಳಿಸಿದ್ದೇನೆ. ನಿನ್ನ ಮನಸ್ಸು ತಿಳಿಯಾಗಿರಲಿ. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅತ್ತೆ

*

ಮಾರ್ಚ್ ೮
ಕಚೇರಿಯಿಂದ

ಪ್ರೀತಿಯ ಮಗಳೇ,

ನಿನ್ನ ಉತ್ತರ ನಿನ್ನೆ ಬಂತು. ಕಚೇರಿಯ ಇ-ಮೇಲಿಗೆ ಬಂದದ್ದರಿಂದ ಮೊದಲು ಓದಿದವರು ನಮ್ಮ ಯಜಮಾನರು. ಅವರು ಓದಿ, ಎದ್ದು ನನ್ನ ಮೇಜಿನ ಹತ್ತಿರ ಬಂದು, "ಒಪ್ಕೊಂಡಿದಾರೆ ಕಣ್ರೀ" ಎಂದು ಕಂಪ್ಯೂಟರನ್ನೇ ನನ್ನ ಕಡೆ ತಿರುಗಿಸಿದರು. "ನನ್ನ ಅಭ್ಯಂತರವಿಲ್ಲ. ಪತ್ರ ಕಳಿಸಿ, ಸಹಿ ಮಾಡಿ ಕಳಿಸುತ್ತೇನೆ. ಅತ್ತೆಯವರಿಗೂ ತಿಳಿಸಿಬಿಡಿ." ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದೀಯ. ನಾವು ಕಳಿಸುವ ಪತ್ರಗಳಿಗೆ ಜನ ನಾಲ್ಕು ಪುಟ ಬರೆದು, ಅದರಲ್ಲಿ ಹೌದೋ ಅಲ್ಲವೋ ಎಂದು ಹುಡುಕುವಂತೆ ಮಾಡುತ್ತಾರೆ.

ತಡವಾದದ್ದಕ್ಕೆ ನೀನು ಕಾರಣ ಕೊಟ್ಟಿಲ್ಲ, ಕೊಡಬೇಕಾಗಿಯೂ ಇಲ್ಲ. ನನಗೆ ಬರೆಯಲು ಕೂತು, ನನ್ನ ಹಾಗೆಯೇ ಏನೂ ತೋಚದೆ ಕೊನೆಗೆ ಕಚೇರಿಗೆ ಬರೆದಿರಬಹುದು. ನಾನೇ ಹಾಗೆ ಮಾಡು ಎಂದಿದ್ದೆನಲ್ಲ.

ನಿರ್ದೇಶಕನಿಗೆ ಫೋನ್ ಮಾಡಿದೆ. ಆ ಕಡೆಯಿಂದ ಚೀರಿದ ಶಬ್ದಕ್ಕೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಅರ್ಧ ಗಂಟೆಯಲ್ಲಿ ಅವನೂ ಎಡಿಟರ್ ಹುಡುಗಿಯೂ ಕಚೇರಿಗೇ ಬಂದು ಎಲ್ಲರಿಗೂ ಕಾಫಿ ತರಿಸಿದರು. ಅವನು ನನ್ನ ಕಾಲಿಗೆ ಬೀಳಲು ಬಂದ. "ಏಳಪ್ಪ, ಒಪ್ಪಿದ್ದು ನನ್ನ ಸೊಸೆ. ಬೀಳೋದಿದ್ರೆ ಅವಳ ಕಾಲಿಗೆ ಬೀಳು" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹುಡುಗಿ ಮಾತ್ರ ನಗಲಿಲ್ಲ. ಹೋಗುವಾಗ ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು, "ಆಂಟಿ, ನಾನು ಅವತ್ತು ಬೇರೆ ಯಾವುದನ್ನಾದ್ರೂ ಎತ್ಕೋಬೇಕಿತ್ತು" ಎಂದಳು. "ಹುಚ್ಚಿ, ನಿನ್ನ ತಪ್ಪೇನಿದೆ" ಎಂದು ಕಳಿಸಿದೆ.

ಸಂಜೆ ನಿನ್ನ ಮಾವನಿಗೆ ಹೇಳಿದೆ. ಮಂಡಿನೋವು ಎಲ್ಲಿ ಹೋಯಿತೋ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ಧೂಳು ಎಂದರು. ರಾತ್ರಿ ಊಟದ ಹೊತ್ತಿಗೆ, "ಬಚ್ಚಲುಮನೆ ಬಾಗಿಲು ಅಷ್ಟು ಬಡೀಬಾರ್ದಿತ್ತು ಕಣೆ ನಾನು" ಎಂದರು. ನಾನು ಅನ್ನ ಬಡಿಸಿದೆ.

ಇವತ್ತು ಬೆಳಿಗ್ಗೆಯಿಂದ ನಿನ್ನ ಒಪ್ಪಿಗೆ ಪತ್ರ ಟೈಪ್ ಮಾಡುತ್ತಿದ್ದೇನೆ. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ, ಇವತ್ತು ಯಾಕೋ ಕೈ ಓಡಲಿಲ್ಲ. "ಎಲ್ಲ ದೇಶಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ, ಎಂದೆಂದಿಗೂ" ಎಂದು ಒಂದು ಸಾಲು ಎಲ್ಲ ಪತ್ರದಲ್ಲೂ ಇರುತ್ತದೆ. ಸಿನಿಮಾದವರು ಅದಿಲ್ಲದೆ ಒಪ್ಪುವುದಿಲ್ಲ, ನಾಳೆ ಯಾರಾದರೂ ಬಂದು ನಿಲ್ಲಿಸಿ ಅಂದರೆ ಗತಿಯೇನು ಎಂದು. ಅದನ್ನು ಎಷ್ಟು ಸಾವಿರ ಸಲ ಹೊಡೆದಿದ್ದೇನೋ. ಇವತ್ತು "ಎಂದೆಂದಿಗೂ" ಹೊಡೆದು ಕೈ ತೆಗೆದು ಕೂತೆ. ಯಜಮಾನರು ನೋಡಿ, "ಮನೆಗೆ ಹೋಗಿ, ನಾನು ಮುಗಿಸ್ತೀನಿ" ಎಂದರು. ಬೇಡ ಎಂದು ನಾನೇ ಮುಗಿಸಿದೆ.

ನಿನ್ನ ಪರವಾಗಿ ಎರಡು ಮಾತು ಗುದ್ದಾಡಿ ಸೇರಿಸಿದ್ದೇನೆ. ಈ ರಾಗವನ್ನು ಯಾವುದೇ ಸರಕಿನ ಜಾಹೀರಾತಿಗೆ ಬಳಸುವಂತಿಲ್ಲ. ಶುರುವಿನ ಉಸಿರಿನಿಂದ ಕೊನೆಯವರೆಗೆ ಏನನ್ನೂ ಕತ್ತರಿಸುವಂತಿಲ್ಲ. ಎರಡನೆಯದನ್ನು ಓದಿ ಅವರ ವಕೀಲರು "ಉಸಿರು ಅನ್ನೋದು ಕಾನೂನಿನ ಪದ ಅಲ್ಲ" ಎಂದರಂತೆ. "ಹಾಗಾದ್ರೆ ಅದಕ್ಕೆ ಕಾನೂನಿನ ಪದ ನೀವೇ ಹೇಳಿ" ಎಂದು ಹೇಳಿಕಳಿಸಿದೆ. ಅವರಿಗೂ ಹೊಳೆಯಲಿಲ್ಲವಂತೆ, ಹಾಗೇ ಬಿಟ್ಟಿದ್ದಾರೆ. ಹಣದ ವಿಷಯ ಬೇರೆ ಹಾಳೆಯಲ್ಲಿದೆ, ನೀನು ನೋಡಿಕೊ. ಪತ್ರ ಈ ಕಾಗದದ ಜೊತೆಗಿದೆ. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿರುವಲ್ಲಿ ನಿನ್ನ ಸಹಿ. ಶುಕ್ರವಾರದೊಳಗೆ ನಮ್ಮ ಕೈ ಸೇರಬೇಕು.

ಆ ಒಳ್ಳೆಯವರ ವಿಷಯ ನೀನೇ ನನಗೆ ಹೇಳುವ ದಿನ ಬರಲಿ. ನಾನು ಕೇಳಿಸಿಕೊಳ್ಳುತ್ತೇನೆ, ಅಳುವುದಿಲ್ಲ. ಅತ್ತರೂ ಅದು ಬೇರೆ ಅಳು. ನಿನ್ನ ಮನೆ ತುಂಬಿರಲಿ. ನಿನಗೆ ಬೇಕಾದಾಗ ಈ ಮನೆಯ ಬಾಗಿಲೂ ತೆರೆದಿರುತ್ತದೆ. ಮುಂಗೋಪಿ ಮುದುಕರಿಬ್ಬರ ಆಶೀರ್ವಾದ ನಿನ್ನ ತಲೆ ಮೇಲಿದೆ.

ನಿನ್ನ ಅತ್ತೆ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ.

ಮಗಳೇ, ಎಲ್ಲರನ್ನೂ ಕೇಳಿದ್ದಾಯಿತು. ಗುಂಗುರು ಕೂದಲಿನವನನ್ನು ನಾನೇ ಹೋಗಿ ಕೇಳಿದೆ. ನಿನ್ನನ್ನು ಎರಡು ಸಲ ಬರೆದು ಕೇಳಿದೆ. ನಿರ್ದೇಶಕ "ಪರ್ಮಿಷನ್ ಮನೇಲೇ ಇದೆ" ಎಂದ, ನಿನ್ನ ಮಾವ "ಯಾಕೆ ಒಪ್ಪಲ್ಲ" ಎಂದರು, ನೀನು "ಅತ್ತೆಯವರಿಗೂ ತಿಳಿಸಿಬಿಡಿ" ಎಂದೆ. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇಲ್ಲ. ಎಲ್ಲಿ ಯಾರ ಸಹಿ ಬೇಕು, ಯಾರದು ಬೇಡ ಎಂದು ಹೇಳಿಕೊಟ್ಟೇ ನಾನು ಸಂಬಳ ತೆಗೆದುಕೊಂಡದ್ದು. ಈ ಪತ್ರದಲ್ಲಿ ತಾಯಿಗೆ ಜಾಗವಿಲ್ಲ. ಇರಬಾರದು, ಅದೇ ಸರಿ. ಆದರೂ ಟೈಪ್ ಮಾಡುತ್ತಾ ಮಾಡುತ್ತಾ ಕೊನೆಯ ಪುಟದಲ್ಲಿ ನನ್ನ ಹೆಸರಿಗೆಂದು ಒಂದು ಗೆರೆ ಎಳೆದುಬಿಟ್ಟಿದ್ದೆ. ಅಳಿಸಿದೆ.

ಸಹಿ ಹಾಕುವ ಮುಂಚೆ ಒಂದು ಫೋನ್ ಮಾಡು. ನನ್ನ ದನಿ ನಡುಗಿದರೆ ನಡುಗಲಿ. "ಅತ್ತೆ, ಕೊಡ್ಲಾ?" ಎಂದು ಒಂದು ಸಲ ಕೇಳು. ಏನು ಹೇಳುತ್ತೇನೋ ನನಗೇ ಗೊತ್ತಿಲ್ಲ. ಕೊಡು ಎಂದೇ ಹೇಳುತ್ತೇನೇನೋ. ಬೇಡ ಎಂದರೆ ನೀನು ಕೇಳಲೇಬೇಕೆಂದೂ ಇಲ್ಲ, ಅದಕ್ಕೆ ಬೆಲೆಯಿಲ್ಲ. ಆದರೆ ಅವನು ನನ್ನ ಮಗ. ನನ್ನನ್ನು ಒಂದು ಮಾತು ಕೇಳು, ಆಮೇಲೆ ಸಹಿ ಹಾಕು.